ಕಪ್ಪು ಸೀರೆ ಕಪ್ಪಾಗೇ ಕಂಡ ಟಿವಿ: ನಮ್ಮ ಮನೆಯ 42 ಇಂಚಿನ ಪ್ಲಾಸ್ಮಾ

ಹೋದ ವಾರ ತಂಗಿಯ ಮಗಳು ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳು. ಕೇಶ್ವಾಪುರದಲ್ಲಿ ಹೊಸದಾಗಿ ಬಾಡಿಗೆ ಮನೆ ಹಿಡಿದಿದ್ದಾಳೆ. ಮನೆಗೆ ಇನ್ನೂ ಟಿವಿ ಇಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ 42 ಇಂಚಿನದು ನೋಡಿ ಬಂದಿದ್ದಾಳಂತೆ, 5,000 ರೂಪಾಯಿ ಹೇಳಿದ್ದಾರಂತೆ.

"ದೊಡ್ಡವ್ವಾ, ಅದು ಪ್ಲಾಸ್ಮಾ ಅಂತ. ನಿಮ್ಮ ಮನ್ಯಾಗೂ ಅದೇ ಐತೆಲ್ಲಾ? ತಗೊಳ್ಳಲೋ ಬ್ಯಾಡೋ?"

ಹೌದು, ನಮ್ಮ ಮನೆಯಲ್ಲಿರುವುದೂ ಪ್ಲಾಸ್ಮಾನೇ. ಪ್ಲಾಸ್ಮಾ ಅಂದರೆ ಎಲ್‌ಸಿಡಿಯಂತೆ ಚಪ್ಪಟೆ ಟಿವಿಯ ಇನ್ನೊಂದು ಜಾತಿ, ಹೇಗೆ ಉರಿಯುತ್ತದೆ ಅಂತ ಮುಂದೆ ಹೇಳುತ್ತೇನೆ. 2011ರ ಫೆಬ್ರವರಿಯಲ್ಲಿ ತಂದದ್ದು, ಇವತ್ತಿಗೂ ಓಡುತ್ತಿದೆ. ಅವಳಿಗೆ ಮುಕ್ಕಾಲು ತಾಸು ಹೇಳಿದೆ. ಫೋನ್ ಇಟ್ಟ ಮೇಲೆ ನಮ್ಮವರು, "ಇಷ್ಟು ಹೇಳೋದಿತ್ತಂದ್ರ ಬರದರ ಹಾಕು, ನಾಕ ಮಂದಿಗೆ ಆಗತೈತಿ" ಅಂದರು. ಅದಕ್ಕೇ ಬರೆಯಲು ಕೂತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಟಿವಿ ಓದಿಕೊಂಡವಳಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಕೂತು ಕಸೂತಿ ಹಾಕುವವಳು. 30 ವರ್ಷದಿಂದ ಅದೇ ಕೆಲಸ. ಕಸೂತಿಗೆ ಪೆನ್ಸಿಲ್ ಗೆರೆ ಹಾಕಿಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೂ ಹೊಲಿದ ಗೋಪುರದ ಚಿತ್ರ ವಾಲುತ್ತದೆ. ಹಂಗಾಗಿ ಕಣ್ಣಿಗೆ ಒಂದು ಕೆಟ್ಟ ಚಟ ಅಂಟಿದೆ. ಟಿವಿ ಮುಂದೆ ಕೂತರೂ ಕಥೆ ಆಮೇಲೆ, ಎಳೆ ಎಣಿಸುವುದು ಮೊದಲು.

ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ನಾಲ್ಕು ದೂರು ಬರೆಯಲಿಕ್ಕಿದೆ, ಸುಮ್ನೆ ಯಾಕೆ ಜಗಳ. ಮೇಲಾಗಿ ಹೆಸರು ತಗೊಂಡು ಮಾಡುವುದೇನು? ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ಮಾಡುವುದನ್ನು ಬಿಟ್ಟಿತು. ಸ್ಯಾಮ್‌ಸಂಗ್, ಎಲ್‌ಜಿ ಎರಡೂ 2014ರಲ್ಲಿ ಬಿಟ್ಟವು. ಈಗ ಸಿಗುವುದೆಲ್ಲ ಯಾರೋ ಬಳಸಿ ಬಿಟ್ಟದ್ದೇ.

ಪ್ಲಾಸ್ಮಾ ಬರುವ ಮುಂಚೆ ನಮ್ಮಲ್ಲಿದ್ದದ್ದು 21 ಇಂಚಿನ ಡಬ್ಬಾ ಟಿವಿ. ಮುಂದೆ ನೋಡಿದರೆ ಪುಟ್ಟ ಕಿಟಕಿ, ಪಕ್ಕದಿಂದ ನೋಡಿದರೆ ಬಸುರಿ ಎಮ್ಮೆ. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಬಂದು ಕೂತಿತ್ತು. ಅದರ ಮೇಲೆ ಹಾಸಲು ಒಂದು ಕಸೂತಿ ಬಟ್ಟೆ ಮಾಡಿದ್ದೆ, ನಾಲ್ಕೂ ಅಂಚಿಗೆ ಆನೆ ಸಾಲು, ನಡುವೆ ತುಳಸಿ ಕಟ್ಟೆ. ಬಂದವರೆಲ್ಲ ಟಿವಿ ಬಿಟ್ಟು ಅದನ್ನೇ ನೋಡುತ್ತಿದ್ದರು. ಚಳಿಗಾಲದಲ್ಲಿ ಬೆಕ್ಕು ಆ ಬಟ್ಟೆಯ ಮೇಲೇ ಮಲಗುತ್ತಿತ್ತು, ಕೆಳಗೆ ಬೆಚ್ಚಗೆ ಇರುತ್ತಿತ್ತಲ್ಲ.

ಒಂದು ದಿನ ನಾನೂ ಒಂದು ಕಿತಾಪತಿ ಮಾಡಿದೆ. ಸೂಜಿ ಚೆಲ್ಲಬಾರದು ಅಂತ ನನ್ನ ಹತ್ತಿರ ಒಂದು ದಪ್ಪ ಅಯಸ್ಕಾಂತ ಇರುತ್ತದೆ. ಹಳೇ ಸ್ಪೀಕರಿನದು. ಸೂಜಿಗಳನ್ನೆಲ್ಲ ಅದಕ್ಕೆ ಅಂಟಿಸಿ ಟಿವಿಯ ಮೇಲೆ ಇಟ್ಟು ಅಡುಗೆಮನೆಗೆ ಹೋದೆ. ಬಂದು ನೋಡಿದರೆ ವಾರ್ತೆ ಓದುವ ಹುಡುಗಿಯ ಅರ್ಧ ತಲೆ ಹಸಿರು, ಮೂಲೆಯೆಲ್ಲ ನೇರಳೆ. ಗಾಬರಿಯಾಗಿ ಅಯಸ್ಕಾಂತ ತೆಗೆದೆ. ಬಣ್ಣ ಹೋಗಲಿಲ್ಲ! ಅತ್ತಿಯವರು, "ಏನವಾ, ಟಿವಿಗೂ ಕಸೂತಿ ಹಾಕಿದೇನ?" ಅಂತ ನಕ್ಕರು.

ರಿಪೇರಿಯವರು ಬಂದು ದೊಡ್ಡ ಬಳೆಯಂಥ ತಂತಿ ಸುರುಳಿಯನ್ನು ಗಾಜಿನ ಮುಂದೆ ಆರತಿ ಎತ್ತಿದಂತೆ ಸುತ್ತಿಸಿ, ಸುತ್ತಿಸುತ್ತಲೇ ಹಿಂದೆ ಸರಿದರು. ಬಣ್ಣ ಸರಿಹೋಯಿತು. ಅವತ್ತು ಅವರೇ ಹೇಳಿದ್ದು: ಡಬ್ಬದ ಹಿಂದಿನ ತುದಿಯಲ್ಲಿ ಎಲೆಕ್ಟ್ರಾನ್ ಉಗುಳುವ ಗನ್ ಇರುತ್ತದೆ. ಆ ಕಿರಣವನ್ನು ಆಚೆ ಈಚೆ ಬಾಗಿಸಿ ಗಾಜಿನ ಒಳಮೈಗೆ ಗೆರೆ ಗೆರೆಯಾಗಿ ಬಡಿಸುತ್ತಾರೆ. ಬಾಗಿಸುವುದೇ ಅಯಸ್ಕಾಂತದ ಬಲದಿಂದ. ಹೊರಗಿನಿಂದ ಇನ್ನೊಂದು ಅಯಸ್ಕಾಂತ ಬಂದರೆ ದಾರಿ ತಪ್ಪುತ್ತದೆ. ಗಾಜಿನ ಹಿಂದೆ ತೂತು ತೂತಿನ ಲೋಹದ ಹಾಳೆ ಇದೆ, ಅದಕ್ಕೂ ಅಯಸ್ಕಾಂತದ ಗುಣ ಹತ್ತಿಬಿಡುತ್ತದೆ. ಅದಕ್ಕೇ ನಾನು ತೆಗೆದರೂ ಹಸಿರು ಹೋಗಲಿಲ್ಲ.

ಇದನ್ನು ಕೇಳಿದ ಮೇಲೆ ಡಬ್ಬಾ ಟಿವಿಯ ಉಳಿದ ಕಾಯಿಲೆಗಳೂ ಅರ್ಥವಾದವು. ಒಂದೇ ಜಾಗದಿಂದ ಹೊರಟ ಕಿರಣ ನಡುವಿಗೆ ನೆಟ್ಟಗೆ ಹೋಗುತ್ತದೆ, ಮೂಲೆಗೆ ಓರೆಯಾಗಿ ಹೋಗುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಕಿರಣ ಮೂಲೆಯಲ್ಲಿ ಸರಿಯಾಗಿ ಕೂಡುವುದಿಲ್ಲ. ಬಿಳಿ ಅಕ್ಷರಕ್ಕೆ ಒಂದು ಕಡೆ ಕೆಂಪು ಅಂಚು, ಇನ್ನೊಂದು ಕಡೆ ನೀಲಿ. ಪರದೆಯ ತುದಿಯಲ್ಲಿ ಸೀರೆ ದಡಿ ಬಂದರೆ ಬಿಲ್ಲಿನಂತೆ ಬಾಗುತ್ತಿತ್ತು. ಉಳಿದವರಿಗೆ ಕಾಣುತ್ತಿರಲಿಲ್ಲ. ನನಗೆ ಕಂಡು ಕಂಡು ತಲೆ ಚಿಟ್ಟು ಹಿಡಿಯುತ್ತಿತ್ತು.

ಇನ್ನು ಮಿನುಗು. ನಮ್ಮ ದೇಶದ ಆಗಿನ ಟಿವಿ ಚಿತ್ರಕ್ಕೆ 625 ಗೆರೆ. ಸೆಕೆಂಡಿಗೆ 25 ಚಿತ್ರ, ಆದರೆ ಒಂದೊಂದನ್ನೂ ಎರಡು ಸಲಕ್ಕೆ ಹಾಕುತ್ತಿದ್ದರು: ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ. ಅಂದರೆ ಸೆಕೆಂಡಿಗೆ 50 ಸಲ ಮಿನುಗು. ಎದುರಿಗೆ ಕೂತು ನೋಡಿದರೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ನಾನು ನೋಡುವುದು ಮಡಿಲಿನ ಬಟ್ಟೆ, ಟಿವಿ ಇರುವುದು ಕಣ್ಣಂಚಿಗೆ. ಕಣ್ಣಂಚಿಗೆ ನಡುಗು ಜಾಸ್ತಿ ಕಾಣುತ್ತದೆ. ರಾತ್ರಿ ಒಂಬತ್ತಕ್ಕೆ ತಲೆ ಸಿಡಿಯುತ್ತಿತ್ತು.

2011ರ ಫೆಬ್ರವರಿ. ವಿಶ್ವಕಪ್ ಇನ್ನೇನು ಶುರುವಾಗಬೇಕು. ನಮ್ಮವರು ಆಗ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ದಿನಾ ಧಾರವಾಡದಿಂದ ಟ್ರೇನಿಗೆ ಹೋಗಿ ಬರುತ್ತಿದ್ದರು. ಟ್ರೇನಿನಲ್ಲಿ ಅವರ ಗೆಳೆಯರೆಲ್ಲ ದೊಡ್ಡ ಟಿವಿಯದೇ ಮಾತು. ಒಂದು ಶನಿವಾರ ನನ್ನನ್ನೂ ಕೊಪ್ಪಿಕರ ರಸ್ತೆಗೆ ಕರೆದುಕೊಂಡು ಹೋದರು.

ಅಂಗಡಿಯ ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಸಮುದ್ರ. ತಲೆಯ ಮೇಲೆ ಸಾಲು ಸಾಲು ಟ್ಯೂಬ್‌ಲೈಟ್. ಎಲ್‌ಸಿಡಿಗಳು ಢಾಳಾಗಿ ಹೊಳೆಯುತ್ತಿದ್ದವು. ಮೂಲೆಯಲ್ಲಿ ಎರಡು ಪ್ಲಾಸ್ಮಾ ಪಾಪ, ಮಂಕಾಗಿ ನಿಂತಿದ್ದವು. ಅಂಗಡಿಯ ಹುಡುಗ ಅವುಗಳ ಕಡೆ ತಿರುಗಿಯೂ ನೋಡದೆ, "ಅಕ್ಕಾರ, ಎಲ್‌ಸಿಡಿ ತಗೋರಿ, ಈಗ ಇದೇ ನಡಿಯೋದು" ಅಂದ.

ನನ್ನ ಚೀಲದಲ್ಲಿ ಪೆನ್ ಡ್ರೈವ್ ಇತ್ತು. ಒಂದು ಪ್ರದರ್ಶನಕ್ಕೆ ಅಂತ ನನ್ನ ಕೆಲಸದ ಫೋಟೋ ತೆಗೆಸಿ ಹಾಕಿಸಿಕೊಂಡಿದ್ದೆ. ಅದರಲ್ಲಿ ಅತ್ತಿಯವರ ಚಂದ್ರಕಾಳಿ ಸೀರೆಯದೂ ಒಂದಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಚಂದ್ರಕಾಳಿ ಅಂದರೆ ಕಪ್ಪು ರೇಷ್ಮೆ ಸೀರೆ, ಅದರ ಮೇಲೆ ಕಸೂತಿ. ನಮ್ಮ ಕಡೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಅದೊಂದು ಇರಬೇಕು ಅನ್ನುತ್ತಿದ್ದರು. ಆ ಕಪ್ಪು ಹೇಗಿರುತ್ತದೆಂದರೆ, ಬಾವಿಯೊಳಗೆ ಇಣುಕಿದಂತೆ. ಅದರ ಮೇಲೆ ಬಿಳಿ, ಕೆಂಪು, ಹಳದಿ ಎಳೆ ಬಿದ್ದರೆ ಇರುಳಿನಲ್ಲಿ ದೀಪ ಹಚ್ಚಿದಂತೆ.

"ತಮ್ಮಾ, ಇದನ್ನ ಹಾಕಿ ತೋರಿಸ್ತೀಯೇನ?" ಅಂದೆ.

ಎಲ್‌ಸಿಡಿಗೆ ಹಾಕಿದ. ಕಸೂತಿ ಚೆನ್ನಾಗೇ ಕಂಡಿತು. ಆದರೆ ಸೀರೆ? ಒಲೆಯ ಬೂದಿ ಮೆತ್ತಿಕೊಂಡಂತೆ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ, ಬೂದಿ ಇನ್ನೂ ಬೆಳ್ಳಗಾಯಿತು. ಪ್ಲಾಸ್ಮಾಗೆ ಹಾಕಿಸಿದೆ. ಟ್ಯೂಬ್‌ಲೈಟ್ ಬೆಳಕೇ ಗಾಜಿನ ಮೇಲೆ ಹೊಡೆಯುತ್ತಿತ್ತು, ಏನೂ ತಿಳಿಯಲಿಲ್ಲ.

"ಒಂದ್ ನಿಮಿಷ ಲೈಟ್ ಆರಸ್ತಿ?"

"ಅಕ್ಕಾರ, ಗಿರಾಕಿ ಅದಾರಲ್ರೀ..."

"ನಾವೂ ಗಿರಾಕಿನೇ ಅಲ್ಲೇನಪಾ?"

ಒಳಗಿನಿಂದ ಮಾಲೀಕರೇ, "ಆರಸೋ" ಅಂತ ಕೂಗಿದರು. ಆ ಸಾಲಿನ ಮೂರು ಟ್ಯೂಬ್‌ಲೈಟ್ ಆರಿದವು. ಪ್ಲಾಸ್ಮಾದಲ್ಲಿ ಚಂದ್ರಕಾಳಿ ಚಂದ್ರಕಾಳಿಯಾಗಿಯೇ ಕಂಡಿತು. ಕಪ್ಪು ಕಪ್ಪಾಗಿ, ಕೆಂಪು ದಡಿ ಕುಂಕುಮದಂತೆ. ಪಕ್ಕದಿಂದ ನೋಡಿದೆ, ಹಾಗೇ ಇತ್ತು. ಬಾಗಿಲ ಹತ್ತಿರ ಹೋಗಿ ನೋಡಿದೆ, ಆಗಲೂ ಹಾಗೇ. ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲಿನಿಂದ ಓರೆಯಾಗಿ ಟಿವಿ ನೋಡುವವಳು ನಾನೊಬ್ಬಳೇ, ನನಗೆ ಅದು ಮುಖ್ಯ.

36,000 ರೂಪಾಯಿ ಆಯಿತು. ಪಕ್ಕದಲ್ಲಿದ್ದ ಅದೇ ಅಳತೆಯ ಎಲ್‌ಸಿಡಿ 10,000 ಜಾಸ್ತಿ ಇತ್ತು. ಅಲ್ಲಿಗೆ ನಮ್ಮವರ ಅನುಮಾನವೂ ಕರಗಿತು.

ಯಾಕೆ ಹಾಗೆ ಅಂತ ಆಮೇಲೆ ತಿಳಿದುಕೊಂಡೆ. ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದೆ ಪರದೆ ಮುಚ್ಚಿದಂತೆ ಮಾಡಿ ಕಪ್ಪು ತೋರಿಸಬೇಕು. ಆಗಿನ ಎಲ್‌ಸಿಡಿಗಳಲ್ಲಿ ಎಷ್ಟು ಮುಚ್ಚಿದರೂ ಬೆಳಕು ಸೋರುತ್ತಿತ್ತು. ಪ್ಲಾಸ್ಮಾದಲ್ಲಿ ಹಿಂದೆ ದೀಪವೇ ಇಲ್ಲ. ಎರಡು ಗಾಜಿನ ನಡುವೆ ಸಣ್ಣ ಸಣ್ಣ ಕೋಣೆ, ಒಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟ್ ಕೊಟ್ಟರೆ ಅನಿಲದಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬರುತ್ತದೆ. ಅದು ಕೋಣೆಯ ಗೋಡೆಗೆ ಬಳಿದ ಪುಡಿಗೆ ತಾಗಿ ಕೆಂಪೋ ಹಸಿರೋ ನೀಲಿಯೋ ಆಗಿ ಹೊಳೆಯುತ್ತದೆ. ಮನೆಯ ಟ್ಯೂಬ್‌ಲೈಟ್ ಉರಿಯುವುದೂ ಇದೇ ಜಾತಿಯ ಉಪಾಯದಿಂದ. ಎಲ್ಲಿ ಕಪ್ಪು ಬೇಕೋ ಅಲ್ಲಿನ ಕೋಣೆ ಉರಿಯುವುದಿಲ್ಲ, ಅಷ್ಟೇ.

ನಮ್ಮ ಸೆಟ್ಟಿನದು ಅಡ್ಡಕ್ಕೆ 1,024, ಉದ್ದಕ್ಕೆ 768 ಚುಕ್ಕಿ. ಒಂದೊಂದು ಚುಕ್ಕಿಗೂ ಮೂರು ಕೋಣೆ. ಲೆಕ್ಕ ಹಾಕಿದರೆ 23 ಲಕ್ಷದ ಮೇಲೆ ಕೋಣೆ! ಎಳೆ ನೋಡುವ ಭೂತಗನ್ನಡಿ ಹಿಡಿದು ಪರದೆಗೆ ಮೂಗು ಹಚ್ಚಿ ನೋಡಿದ್ದೇನೆ. ಸಣ್ಣ ಸಣ್ಣ ನಿಂತ ಸೀಳುಗಳು, ಕೆಂಪು ಹಸಿರು ನೀಲಿ, ಕೆಂಪು ಹಸಿರು ನೀಲಿ, ಕಸೂತಿಯ ನೇಗಿ ಹೊಲಿಗೆ ಹಾಕಿದಂತೆ ಸಾಲಾಗಿ. ಮೂಲೆಯಲ್ಲೂ ಹಾಗೇ, ನಡುವೆಯೂ ಹಾಗೇ. ಕಿರಣ ಬಾಗಿಸುವ ರಗಳೆ ಇಲ್ಲವಲ್ಲ, ಪ್ರತಿ ಕೋಣೆಯೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ. ಸೀರೆ ದಡಿ ಕೊನೆಗೂ ನೆಟ್ಟಗಾಯಿತು. ಅಯಸ್ಕಾಂತವನ್ನು ಒಂದು ಸಲ ಬೇಕಂತಲೇ ಹತ್ತಿರ ಹಿಡಿದು ನೋಡಿದೆ, ಬಣ್ಣ ಅಲುಗಲಿಲ್ಲ. ನಮ್ಮವರು ಬೈದರು, ಅದು ಬೇರೆ ಮಾತು.

ಆ ಭೂತಗನ್ನಡಿಯಲ್ಲಿ ಇನ್ನೊಂದು ಕಂಡೆ. ಚುಕ್ಕಿ ಪೂರಾ ಚೌಕ ಅಲ್ಲ, ಅಡ್ಡಕ್ಕೆ ಸ್ವಲ್ಪ ಅಗಲ. ಯಾಕೆಂದರೆ 1,024ಕ್ಕೆ 768 ಅನ್ನುವುದು ಡಬ್ಬಾ ಟಿವಿಯ ಆಕಾರದ ಲೆಕ್ಕ, ಪರದೆ ಮಾತ್ರ ಅಗಲದ್ದು. ಹಾಸು ಹೊಕ್ಕು ಸಮ ಇಲ್ಲದ ಬಟ್ಟೆಯ ಮೇಲೆ ಕಸೂತಿ ಹಾಕಿದರೆ ರಥ ಅಗಲವಾಗುತ್ತದಲ್ಲ, ಹಾಗೆ. ಟಿವಿ ಒಳಗೇ ಲೆಕ್ಕ ಸರಿಮಾಡಿ ತೋರಿಸುತ್ತದೆ. ಆದರೆ ಓರೆ ಗೆರೆ ಬಂದಾಗ, ಹತ್ತಿರ ಕೂತರೆ, ಕಸೂತಿಯ ಮುರ್ಗಿ ಹೊಲಿಗೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 8 ಅಡಿ ದೂರ ಕೂತರೆ ನನ್ನ ಕಣ್ಣಿಗೂ ಕಾಣುವುದಿಲ್ಲ.

ಪ್ಲಾಸ್ಮಾ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ 600 ಹರ್ಟ್ಜ್ ಅಂತ ದೊಡ್ಡದಾಗಿ ಬರೆದಿತ್ತು. ಸೆಕೆಂಡಿಗೆ 600 ಚಿತ್ರ ಅಂತ ಅಂಗಡಿಯ ಹುಡುಗ ಹೇಳಿದ್ದ. ಹಾಗಲ್ಲ. ಪ್ಲಾಸ್ಮಾದ ಕೋಣೆಗೆ ಮಂದವಾಗಿ ಉರಿಯಲು ಬರುವುದಿಲ್ಲ. ಉರಿಯಬೇಕು, ಇಲ್ಲವೇ ಆರಬೇಕು. ತುಸು ಬೆಳಕು ಬೇಕಾದರೆ ಕಡಿಮೆ ಸಲ ಮಿಂಚುತ್ತದೆ, ಜಾಸ್ತಿ ಬೇಕಾದರೆ ಜಾಸ್ತಿ ಸಲ. ಹಾಗೆ ಮಿಂಚಿಸಲು ಒಂದೊಂದು ಚಿತ್ರವನ್ನೂ 10 ತುಂಡು ಮಾಡುತ್ತಾರೆ. ಸೆಕೆಂಡಿಗೆ 60 ಚಿತ್ರ ಅಂದರೆ 600. ನಮ್ಮ ಕೆಲಸದಲ್ಲೂ ಅಷ್ಟೇ ಅಲ್ವಾ? ಕೆಂಪು ಎಳೆ ಯಾವಾಗಲೂ ಕೆಂಪೇ. ತಿಳಿಯಾಗಿ ಕಾಣಬೇಕಾದರೆ ಹೊಲಿಗೆ ವಿರಳ ಹಾಕಬೇಕು, ಗಾಢ ಬೇಕಾದರೆ ಒತ್ತಾಗಿ.

ಮನೆಗೆ ತಂದ ದಿನ ಟೇಪು ಹಿಡಿದು ಅಳೆದೆ. 21 ಇಂಚು ಅಂತ ಮಾರಿದ್ದ ಡಬ್ಬಾ ಟಿವಿಯ ಚಿತ್ರ ಮೂಲೆಯಿಂದ ಮೂಲೆಗೆ ಬರೀ 20 ಇಂಚು! ಒಂದು ಇಂಚು ಚೌಕಟ್ಟಿನ ಹಿಂದೆ. ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅದರ ಚಿತ್ರ 16 ಇಂಚು ಅಗಲ, 12 ಎತ್ತರ. ಪ್ಲಾಸ್ಮಾದ್ದು ಮೂಲೆಯಿಂದ ಮೂಲೆಗೆ ಸರಿಯಾಗಿ 42. ಅಗಲ ಮೂವತ್ತಾರೂವರೆ, ಎತ್ತರ ಇಪ್ಪತ್ತೂವರೆ. ಚಿತ್ರ ಸುಮಾರು 4 ಪಟ್ಟು, ದಪ್ಪ ಮೂರು ಇಂಚು ಚಿಲ್ಲರೆ, ಭಾರ ಹೆಚ್ಚು ಕಡಿಮೆ ಎರಡೂ ಅಷ್ಟೇ. ಇಷ್ಟು ದೊಡ್ಡ ಚಿತ್ರ ಡಬ್ಬದಲ್ಲಿ ಬೇಕು ಅಂದಿದ್ದರೆ ನಮ್ಮ ಪಡಸಾಲೆಯ ಬಾಗಿಲು ಒಡೆಯಬೇಕಿತ್ತು.

ಗೋಡೆಗೆ ಮಾತ್ರ ಹಾಕಲಾಗಲಿಲ್ಲ. ನಮ್ಮದು ಹಳೇ ಹಂಚಿನ ಮನೆ, ಮಣ್ಣಿನ ಗೋಡೆ. ಬಡಿಗ್ಯಾರ ಕೈಯಲ್ಲಿ ಸಾಗವಾನಿ ಸ್ಟ್ಯಾಂಡ್ ಮಾಡಿಸಿದೆವು. ಬೆಕ್ಕು ಎರಡು ದಿನ ಹೊಸ ಟಿವಿಯ ಸುತ್ತ ಸುತ್ತಿತು, ಮೇಲೆ ಹಾರಲು ಜಾಗವೇ ಇಲ್ಲ. ನನ್ನ ಆನೆ ಸಾಲಿನ ಬಟ್ಟೆಯೂ ಪೆಟ್ಟಿಗೆ ಸೇರಿತು. ಮೇಲಿನ ಸೀಳುಗಳಿಂದ ಬಿಸಿಗಾಳಿ ಬರುತ್ತದೆ, ಅದನ್ನು ಮುಚ್ಚಬಾರದು.

ಮೊದಲ ವಾರ ಬೇಜಾರೇ ಆಯಿತು ಅನ್ನಬೇಕು. ಆಗಿನ ಕೇಬಲ್ ಚಿತ್ರವನ್ನು ಅಷ್ಟು ದೊಡ್ಡ ಪರದೆಗೆ ಎಳೆದರೆ ಎಲ್ಲರೂ ಗುಂಡಗೆ, ಕುಳ್ಳಗೆ. ಮುಖವೆಲ್ಲ ಕಲಸಿದ ಹಿಟ್ಟು. ನೋಡಲಾಗದೆ ನಮ್ಮವರು ಮತ್ತೆ ಖರ್ಚು ಮಾಡಿ ಎಚ್‌ಡಿ ಡಿಶ್ ಹಾಕಿಸಿದರು. ಆವಾಗ ಕಣ್ಣು ಬಿಟ್ಟಿತು ನೋಡಿ ಟಿವಿ.

ಏಪ್ರಿಲ್ 2ರ ಫೈನಲ್ ದಿನ ಪಡಸಾಲೆಯಲ್ಲಿ 18 ಮಂದಿ. ಚಾಪೆಯ ಮೇಲೆ, ಹೊಸ್ತಿಲ ಮೇಲೆ, ಕಟ್ಟೆಯ ಮೇಲೆ, ಕಿಟಕಿಯ ಹೊರಗೂ ಇಬ್ಬರು. ಎರಡು ಸಲ ಗಿರಮಿಟ್ ಮಾಡಿದೆ, ಮಿರ್ಚಿಯ ಲೆಕ್ಕ ಇಡಲಿಲ್ಲ. ಓರೆಯಲ್ಲಿ ಕೂತವರು ಯಾರೂ ಕಾಣುವುದಿಲ್ಲ ಅನ್ನಲಿಲ್ಲ. ಗಂಭೀರ್ 97ಕ್ಕೆ ಔಟಾದಾಗ ಮನೆಯೆಲ್ಲ ಸ್ತಬ್ಧ. ಕೊನೆಗೆ ಕುಲಶೇಖರ ಹಾಕಿದ ಚೆಂಡನ್ನು ಧೋನಿ ಎತ್ತಿದರಲ್ಲ, ಆ ಸಿಕ್ಸರ್. ಎಲ್ಲರೂ ಅದನ್ನು ನೋಡಿದ್ದೀರಿ. ನಾನು ನೋಡಿದ್ದು ಕಪ್ಪನ್ನು. ಮುಂಬೈಯ ರಾತ್ರಿ ಆಕಾಶ, ಅದರಲ್ಲಿ ಒಂದು ಬಿಳಿ ಚುಕ್ಕಿ ಏರಿ, ನಿಂತಂತಾಗಿ, ಇಳಿಯಿತು. ಬಾಲ ಇಲ್ಲ, ಹಿಂದೆ ಎಳೆದ ಗೆರೆ ಇಲ್ಲ. ಎದುರುಮನೆಯವರ ಹೊಸ ಎಲ್‌ಸಿಡಿಯಲ್ಲಿ ಚೆಂಡು ಓಡಿದರೆ ಹಿಂದೆ ಧೂಳಿನಂತೆ ನೆರಳು ಬರುತ್ತಿತ್ತು. ಅವರ ಮಗ ಅವತ್ತು ನಮ್ಮ ಮನೆಯಲ್ಲೇ ಕೂತಿದ್ದ. ನಾನೇನೂ ಹೇಳಲಿಲ್ಲ.

ಈಗ ದೂರು.

ದೊಡ್ಡ ತಪ್ಪು ನನ್ನದೇ. ತಂದು ಮೂರು ತಿಂಗಳಾಗಿತ್ತು. ಹಳೇ ಸೀರೆಯೊಂದರ ಗೋಪುರದ ಫೋಟೋ ಟಿವಿಗೆ ಹಾಕಿ, ಎದುರು ಕೂತು ಎಳೆ ಎಣಿಸಿ ಹೊಸ ಬಟ್ಟೆಗೆ ಇಳಿಸುತ್ತಿದ್ದೆ. ಇಷ್ಟು ದೊಡ್ಡದಾಗಿ ಕಂಡರೆ ಯಾರು ಬಿಡುತ್ತಾರೆ? ಊಟಕ್ಕೆ ಎದ್ದೆ, ನಿದ್ದೆ ಹತ್ತಿತು, ನಾಲ್ಕು ತಾಸು ಗೋಪುರ ಹಾಗೇ ಉಳಿಯಿತು. ಸಂಜೆ ಚಾನೆಲ್ ಹಾಕಿದರೆ ವಾರ್ತೆಯವನ ಎದೆಯ ಮೇಲೆ ಗೋಪುರದ ನೆರಳು! ಯಾವ ಚಾನೆಲ್ ಹಾಕಿದರೂ ಅದೇ ಗೋಪುರ. ಅತ್ತಿಯವರು ಕೈ ಮುಗಿದೇಬಿಟ್ಟರು.

ಒಂದೇ ಜಾಗ ತಾಸುಗಟ್ಟಲೆ ಉರಿದರೆ ಅಲ್ಲಿನ ಪುಡಿ ಉಳಿದ ಜಾಗಕ್ಕಿಂತ ಜಾಸ್ತಿ ಸವೆಯುತ್ತದೆ. ತುಸು ಸವೆದಿದ್ದರೆ ಓಡಾಡುವ ಚಿತ್ರ ನೋಡುತ್ತ ಹೋದಂತೆ ಮಾಸುತ್ತದೆ. ನಮ್ಮ ಗೋಪುರ ಹತ್ತು ದಿನಕ್ಕೆ ಹೋಯಿತು. ಹೋಗದೇ ಉಳಿದದ್ದು ಇನ್ನೊಂದು: ಬಲಗಡೆ ಮೇಲೆ, ಮಾವನವರು ದಿನವಿಡೀ ನೋಡುತ್ತಿದ್ದ ವಾರ್ತಾ ಚಾನೆಲ್ಲಿನ ಗುರುತು. ಮಾವನವರು ತೀರಿ 6 ವರ್ಷವಾಯಿತು. ಬೆಳ್ಳನೆ ಚಿತ್ರ ಬಂದಾಗ ಆ ಗುರುತು ಈಗಲೂ ತೆಳ್ಳಗೆ ಕಾಣುತ್ತದೆ. ಅದನ್ನು ದೂರು ಅಂತ ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಕರೆಂಟ್ ಚೆನ್ನಾಗಿ ಕುಡಿಯುತ್ತದೆ. ಚಿತ್ರ ಎಷ್ಟು ಬೆಳ್ಳಗೋ ಅಷ್ಟು ಜಾಸ್ತಿ. ಸರಾಸರಿ 200 ವ್ಯಾಟ್ ಹಿಡಿಯಿರಿ. ದಿನಕ್ಕೆ 5 ತಾಸು ನೋಡಿದರೆ ಒಂದು ಯೂನಿಟ್, ತಿಂಗಳಿಗೆ 30. ಡಬ್ಬಾ ಟಿವಿ ಇದರ ಅರ್ಧವೂ ತಿನ್ನುತ್ತಿರಲಿಲ್ಲ, ಈಗಿನ ಎಲ್‌ಇಡಿ ಅಂತೂ ಮೂರನೇ ಒಂದು ಪಾಲಿಗೆ ಮುಗಿಸುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಹಾಕಿದರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಡಸಾಲೆಯಲ್ಲಿ ಇನ್ನೊಂದು ಒಲೆ ಹಚ್ಚಿಟ್ಟಂತೆ ಬಿಸಿ. ಡಿಸೆಂಬರಿನಲ್ಲಿ ಅದೇ ಹಿತ ಅನ್ನಿ, ಬೆಕ್ಕು ಈಗ ಸ್ಟ್ಯಾಂಡಿನ ಹಿಂದೆ ಮಲಗುತ್ತದೆ.

ಗಾಜು ಕನ್ನಡಿಯೇ. ಮಧ್ಯಾಹ್ನ ಕಿಟಕಿ ತೆರೆದಿದ್ದರೆ ಟಿವಿಯಲ್ಲಿ ನಮ್ಮ ಅಂಗಳದ ಕರಿಬೇವಿನ ಗಿಡ ಕಾಣುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಬೆಳ್ಳನೆ ಚಿತ್ರ ಬಂದಾಗ ಹಿಂದಿನಿಂದ ಗುಂಯ್ ಅಂತ ದುಂಬಿಯಂಥ ಸದ್ದು, ಅದು ಹುಟ್ಟುಗುಣ. ಮಿನುಗೂ ಪೂರಾ ಹೋಗಿಲ್ಲ, ಡಬ್ಬಾ ಟಿವಿಯಷ್ಟು ಇಲ್ಲ ಅಷ್ಟೇ. ತಲೆ ಸಿಡಿಯುವುದು ನಿಂತಿದೆ, ನನಗೆ ಅಷ್ಟು ಸಾಕು. ಇನ್ನು ಕಪ್ಪು ಕಪ್ಪು ಅಂತ ಇಷ್ಟು ಹೊಗಳಿದೆನಲ್ಲ, ದೀಪ ಪೂರಾ ಆರಿಸಿ ನೋಡಿದರೆ ಅದೂ ನೂರಕ್ಕೆ ನೂರಲ್ಲ. ಕೋಣೆಗಳನ್ನು ಸದಾ ತಯಾರಿಯಲ್ಲಿ ಇಡಲು ಚೂರು ಕರೆಂಟ್ ಓಡುತ್ತಿರುತ್ತದೆ, ಅದರಿಂದ ತೀರಾ ಸಣ್ಣ ಹೊಳಪು. ಟಿವಿ ಆರಿಸಿದ ಕೂಡಲೇ, ಓಹೋ ಇದು ನಿಜವಾದ ಕಪ್ಪು ಅಂತ ಗೊತ್ತಾಗುತ್ತದೆ. ಪ್ಲಾಸ್ಮಾ ಮಾಡುವವರಿಗೂ ಇದೇ ಹುಚ್ಚು ಇತ್ತು. ಪಯೋನಿಯರ್ ಕಂಪನಿ 2007ರಲ್ಲಿ ತಂದ ಹೆಸರಾಂತ ಪ್ಲಾಸ್ಮಾಕ್ಕೆ ಕುರೋ ಅಂತ ಹೆಸರಿಟ್ಟಿತ್ತು. ಜಪಾನಿ ಭಾಷೆಯಲ್ಲಿ ಕುರೋ ಅಂದರೆ ಕಪ್ಪು. ಈ ಸುದ್ದಿ ಕೇಳಿದ ದಿನ ನನಗೆ ಆ ಇಂಜಿನಿಯರುಗಳ ಮೇಲೆ ಪ್ರೀತಿಯೇ ಬಂತು.

ಹುಟ್ಟಿದಾಗ ಮಾತ್ರ ಪ್ಲಾಸ್ಮಾಕ್ಕೆ ಬಣ್ಣವೇ ಇರಲಿಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ, ರಾಬರ್ಟ್ ವಿಲ್ಸನ್ ಅನ್ನುವ ಮೂವರು ಇದನ್ನು ಮಾಡಿದ್ದು ಟಿವಿಗಲ್ಲ, ಪಾಠ ಹೇಳುವ ಪ್ಲೇಟೋ ಅನ್ನುವ ಕಂಪ್ಯೂಟರಿಗೆ. ಕಪ್ಪಿನ ಮೇಲೆ ಕಿತ್ತಳೆ ಅಕ್ಷರ, ಅಷ್ಟೇ. ಬಣ್ಣ ತುಂಬಿ ಅಂಗಡಿಗೆ ಬರಲು 30 ವರ್ಷದ ಮೇಲೆ ಹಿಡಿಯಿತು. ಬಂದು 20 ವರ್ಷ ಕೂಡ ಬಾಳಲಿಲ್ಲ.

2018ರಲ್ಲಿ ನಮ್ಮದೂ ಒಮ್ಮೆ ಮಲಗಿತ್ತು. ಕೆಂಪು ದೀಪ ಮಿಣುಕು ಮಿಣುಕು, ಚಿತ್ರ ಇಲ್ಲ. ಸರ್ವೀಸಿನವರು ಬಂದು, "ಪಾರ್ಟ್ ಬರೂದಿಲ್ರೀ, ಹೊಸಾದ ತಗೋರಿ" ಅಂದು ಬಂದ ಖರ್ಚು ಇಸಿದುಕೊಂಡು ಹೋದರು. ನಮ್ಮವರು ಬಿಡಲಿಲ್ಲ. ದುರ್ಗದಬೈಲ್ ಹತ್ತಿರದ ಓಣಿಯಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕರು. ಅವರ ಅಂಗಡಿಯಲ್ಲಿ ಗಾಜು ಒಡೆದ ಪ್ಲಾಸ್ಮಾಗಳ ರಾಶಿ. "ಗಾಜ ಒಡದ್ರ ನಾ ಏನೂ ಮಾಡಾಕ ಬರೂದಿಲ್ಲ. ಬೋರ್ಡ್ ಹೋಗಿದ್ರ ಹಬ್ಬ" ಅಂದರು. ನಮ್ಮದು ವೈ-ಸಸ್ಟೇನ್ ಬೋರ್ಡ್, ಅಂದರೆ ಕೋಣೆಗಳನ್ನು ಮಿಂಚಿಸುವ ಬೋರ್ಡ್ ಹೋಗಿತ್ತು, ಪ್ಲಾಸ್ಮಾದಲ್ಲಿ ಸಾಮಾನ್ಯವಾಗಿ ಹೋಗುವುದು ಅದೇ ಅಂತೆ. ಒಡೆದ ಸೆಟ್ಟಿನಿಂದ ಬಿಚ್ಚಿ ನಮ್ಮದಕ್ಕೆ ಕೂಡಿಸಿದರು. 3,200 ರೂಪಾಯಿ. ಏಳು ವರ್ಷವಾಯಿತು, ಮತ್ತೆ ಕೈ ಕೊಟ್ಟಿಲ್ಲ.

ನನ್ನ ಮಗ ಬೆಂಗಳೂರಿನಲ್ಲಿ ಹೋದ ವರ್ಷ ಒಎಲ್‌ಇಡಿ ಟಿವಿ ತಗೊಂಡ. ಅದರಲ್ಲೂ ಪ್ರತಿ ಚುಕ್ಕಿ ತಾನೇ ಉರಿಯುತ್ತದೆ, ಆರಿದರೆ ಪೂರಾ ಆರುತ್ತದೆ. ಚಂದ್ರಕಾಳಿ ಹಾಕಿಸಿ ನೋಡಿದೆ. ಒಪ್ಪಲೇಬೇಕು, ನಮ್ಮದಕ್ಕಿಂತ ಕಪ್ಪು. ಬೆಲೆ ಕೇಳಿದ ಮೇಲೆ ನಾನು ಸುಮ್ಮನೆ ನನ್ನ ಸೂಜಿ ತಗೊಂಡೆ.

ತಂಗಿಯ ಮಗಳಿಗೆ ಹೇಳಿದ್ದು ಇಷ್ಟು. ರಾತ್ರಿ ದೀಪ ಕಡಿಮೆ ಮಾಡಿ ಸಿನಿಮಾ, ಕ್ರಿಕೆಟ್ ನೋಡುವವಳಾದರೆ ತಗೋ. ದಿನವಿಡೀ ಒಂದೇ ವಾರ್ತಾ ಚಾನೆಲ್ ಹಾಕಿಡುವ ಮನೆಯಾದರೆ ಬೇಡ. ಬಿಸಿಲು ಬೀಳುವ ಹಾಲ್ ಆದರೂ ಬೇಡ. ಫೋನಿನ ಆ್ಯಪ್ ಎಲ್ಲ ಬೇಕು ಅಂದರೆ ಹಿಂದಿನ ಎಚ್‌ಡಿಎಂಐ ತೂತಿಗೆ ಆ್ಯಪ್ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಬೇಕು. ತಗೊಳ್ಳುವ ಮುಂಚೆ ಪೆನ್ ಡ್ರೈವಿನಲ್ಲಿ ಒಂದು ಪೂರಾ ಬಿಳಿ ಹಾಳೆಯ ಫೋಟೋ ಒಯ್ದು ಹಾಕಿಸು, ಯಾರ ಮನೆಯ ಯಾವ ಚಾನೆಲ್ ಎಷ್ಟು ವರ್ಷ ಓಡಿದೆ ಅಂತ ಅದೇ ಹೇಳುತ್ತದೆ. ಅರ್ಧ ತಾಸು ಹಚ್ಚಿಯೇ ಇಡಿಸು. ಬಿಸಿಯಾದ ಮೇಲೆ ಗೆರೆ ಬರುತ್ತದೇನು, ದೀಪ ಮಿಣುಕುತ್ತದೇನು ನೋಡು. ಗುಂಯ್ ಅನ್ನುವುದಕ್ಕೆ ಹೆದರಬೇಡ. ಮತ್ತೆ, ಒಯ್ಯುವಾಗ ಮಲಗಿಸಬೇಡ. ದೊಡ್ಡ ಗಾಜು, ಬಳುಕಿದರೆ ಸೀಳುತ್ತದೆ. ನಿಲ್ಲಿಸಿಯೇ ಒಯ್ಯಬೇಕು.

ನಿನ್ನೆ ಮತ್ತೆ ಹೋಗಿದ್ದಳು. ಬಿಳಿ ಹಾಳೆ ಹಾಕಿಸಿದರೆ ಕೆಳಗೆ ಉದ್ದಕ್ಕೂ ಓಡುವ ಅಕ್ಷರದ ಪಟ್ಟಿಯ ನೆರಳು ಕಂಡಿತಂತೆ. ಅದನ್ನೇ ಹಿಡಿದು ಚೌಕಾಸಿ ಮಾಡಿ 3,500ಕ್ಕೆ ಇಳಿಸಿದ್ದಾಳೆ. ಸಂಜೆ ಆಟೋದೊಳಗಿನಿಂದಲೇ ಫೋನು. ಹಿಂದೆ ಟ್ರಾಫಿಕ್ಕಿನ ಗದ್ದಲ, ಪಕ್ಕದಲ್ಲಿ ಗಂಡ, "ಗಟ್ಟಿ ಹಿಡಿ, ಗಟ್ಟಿ ಹಿಡಿ" ಅನ್ನುತ್ತಿದ್ದ.

"ದೊಡ್ಡವ್ವಾ, ನಿಂದರಿಸೇ ತರಾಕತ್ತೀವಿ. ಅವ್ವ ಕೊಟ್ಟ ಕೌದಿ ಸುತ್ತೀನಿ, ನಡೀತೈತೆಲ್ಲಾ?"